ಶುಂಠಿ, ಅರಿಶಿನದ ತಳಿಗಳನ್ನು ಹೋಲಿಸುವವರು ಮಾಡಬೇಕಾದ್ದು, ಮಾಡಬಾರದ್ದು

ಈ ಸೂಚನೆ ಶುಂಠಿ ಕುಟುಂಬದ ಗಡ್ಡೆಗಳನ್ನು ಪರೀಕ್ಷೆಗೆ ಕೊಡುವವರಿಗೆ, ಪರೀಕ್ಷೆ ಮಾಡುವವರಿಗೆ, ಬಂದ ಅಂಕಿಯನ್ನು ಊರಿಗೆಲ್ಲ ಹೇಳುವವರಿಗೆ. ತಳಿ ಆರಿಸಲು ಹೊರಟ ರೈತ ಉತ್ಪಾದಕ ಸಂಘಗಳು, ಪುಡಿ ಮಾಡಿ ಮಾರುವ ಸಣ್ಣ ಘಟಕಗಳು, ಪ್ರಾಜೆಕ್ಟ್ ಬರೆಯುವ ರಸಾಯನಶಾಸ್ತ್ರ ಮತ್ತು ತೋಟಗಾರಿಕೆ ವಿದ್ಯಾರ್ಥಿಗಳು ಕೆಲಸ ಶುರು ಮಾಡುವ ಮುಂಚೆ ಓದಬೇಕು. ಮುಗಿದ ಮೇಲೆ ಓದಿದರೆ ಪ್ರಯೋಜನವಿಲ್ಲ.

‘ಈ ತಳಿಯಲ್ಲಿ ಕರ್ಕ್ಯುಮಿನ್ ಜಾಸ್ತಿ’ ಎಂಬ ಒಂದು ಮಾತನ್ನು ನಂಬಿ ಬೆಳೆಗಾರ ಬಿತ್ತನೆ ಗಡ್ಡೆಗೆ ಹಣ ಸುರಿಯುತ್ತಾನೆ. ಎಂಟೊಂಬತ್ತು ತಿಂಗಳು ಹೊಲವನ್ನು ಅದಕ್ಕೇ ಬಿಟ್ಟುಕೊಡುತ್ತಾನೆ. ಆ ಹೆಚ್ಚಳ ತಳಿಯಿಂದ ಬಂದದ್ದಲ್ಲ, ಒಣಗಿಸಿದ ರೀತಿಯಿಂದಲೋ ಅಗೆದ ತಿಂಗಳಿಂದಲೋ ಬಂದದ್ದು ಎಂದಾದರೆ ಅವನ ಒಂದು ವರ್ಷ ಹೋಯಿತು. ಕೆಳಗಿನ ನಿಯಮಗಳೆಲ್ಲ ಒಂದೇ ಬೇಡಿಕೆಯಿಂದ ಹುಟ್ಟಿದವು: ತಳಿಯದ್ದು ಎಂದು ನೀವು ತೋರಿಸುವ ವ್ಯತ್ಯಾಸ ತಳಿಯದ್ದೇ ಆಗಿರಬೇಕು.

ಮೊದಲು ಗಿಡ ಯಾವುದೆಂದು ಖಚಿತಪಡಿಸಿಕೊಳ್ಳಿ

ಅಂಗಡಿಯ ಹೆಸರನ್ನು ನಂಬಿ ಮಾದರಿ ತರಬೇಡಿ. ಮಾವಿನಕಾಯಿ ಶುಂಠಿಯನ್ನು ಶುಂಠಿಯ ಇನ್ನೊಂದು ತಳಿ ಎಂದುಕೊಂಡು ಒಂದೇ ಪಟ್ಟಿಗೆ ಸೇರಿಸುವವರು ಪ್ರತಿ ವರ್ಷ ಸಿಗುತ್ತಾರೆ. ಅದು ನೋಡಲು ಶುಂಠಿ, ನಂಟಿನಲ್ಲಿ ಅರಿಶಿನ: ಸಸ್ಯಶಾಸ್ತ್ರದಲ್ಲಿ ಕರ್ಕ್ಯುಮಾ ಅಮಾಡ. ಶುಂಠಿಯ ಖಾರ ಕೊಡುವ ಜಿಂಜೆರಾಲ್‌ಗಾಗಿ ಅದರಲ್ಲಿ ಹುಡುಕುವುದು ವ್ಯರ್ಥ. ಅರಿಶಿನದ ನಂಟು ಎಂದು ಕರ್ಕ್ಯುಮಿನ್ ಹುಡುಕಿದರೂ ಸಿಗುವುದು ಅತ್ಯಲ್ಪ. ಅದರ ಸೊಗಸೆಲ್ಲ ಆವಿಯಾಗುವ ಎಣ್ಣೆಯಲ್ಲಿದೆ. ಮಿರ್ಸೀನ್, ಆಸಿಮೀನ್, ಕೆರೀನ್ ಮುಂತಾದ ಹಗುರ ಅಣುಗಳು ಸೇರಿ ಎಳೆ ಮಾವಿನಕಾಯಿಯ ವಾಸನೆ ಕೊಡುತ್ತವೆ. ಉಪ್ಪಿನಕಾಯಿಗೆ ಹಸಿಯಾಗಿಯೇ ಹೆಚ್ಚುವ ಈ ಗಡ್ಡೆಯನ್ನು ಬಿಸಿಲಲ್ಲಿ ತಿಂಗಳುಗಟ್ಟಲೆ ಒಣಗಿಸಿ ಪರೀಕ್ಷೆಗೆ ತಂದರೆ, ಪರೀಕ್ಷಿಸಬೇಕಾದ್ದೇ ಹಾರಿಹೋಗಿರುತ್ತದೆ.

ಕಚೋರ ಎಂದು ಬರೆದ ಚೀಟಿಯನ್ನು ಸ್ವೀಕರಿಸಬೇಡಿ. ಗಂಧಿಗೆ ಅಂಗಡಿಯಲ್ಲಿ ಆ ಹೆಸರಿಗೆ ಎರಡು ಬೇರೆ ಗಡ್ಡೆಗಳು ಸಿಗುತ್ತವೆ. ಒಂದು ಕೆಂಪ್ಫೀರಿಯಾ ಗಲಂಗಾ, ನೆಲಕ್ಕೆ ಒತ್ತಿಕೊಂಡು ಅಗಲ ಎಲೆ ಬಿಡುವ ಗಿಡ. ಅದರ ಘಮದ ಮುಖ್ಯ ಕಾರಣ ಈಥೈಲ್ ಪ್ಯಾರಾ-ಮೆಥಾಕ್ಸಿಸಿನ್ನಮೇಟ್. ಇನ್ನೊಂದು ಕರ್ಕ್ಯುಮಾ ಜೆಡೋಆರಿಯಾ, ಅರಿಶಿನದ ಹಾಗೆ ಎತ್ತರ ಬೆಳೆಯುವುದು. ಎರಡರ ರಸಾಯನಕ್ಕೂ ಹೋಲಿಕೆಯೇ ಇಲ್ಲ. ಕಸ್ತೂರಿ ಅರಿಶಿನದ ಕಥೆಯೂ ಇದೇ. ನಿಜವಾದ ಕರ್ಕ್ಯುಮಾ ಅರೊಮ್ಯಾಟಿಕಾದ ಗಡ್ಡೆಯ ಒಳಭಾಗ ಮಂಕು ಕೆನೆಬಣ್ಣದ್ದು, ವಾಸನೆ ಕರ್ಪೂರದ ಕಡೆಗೆ. ಕಡು ಹಳದಿ ಪುಡಿಯನ್ನು ಕಸ್ತೂರಿ ಎಂದು ಮಾರುತ್ತಿದ್ದರೆ ಅನುಮಾನಪಡಲೇಬೇಕು. ರಾಸ್ನೆಯೂ ಹಾಗೆಯೇ: ದಕ್ಷಿಣದ ವೈದ್ಯರು ಬಳಸುವುದು ಶುಂಠಿ ಕುಟುಂಬದ ಆಲ್ಪೀನಿಯಾ ಗಲಂಗಾ, ಉತ್ತರದಲ್ಲಿ ಅದೇ ಹೆಸರಿಗೆ ಸೇವಂತಿಗೆ ಕುಟುಂಬದ ಒಂದು ಗಿಡ. ಮನೆಯಂಗಳದ ಇನ್ಸುಲಿನ್ ಗಿಡವನ್ನು ಈ ಹೋಲಿಕೆಗೆ ತರಲೇಬೇಡಿ. ಅದು ಕಾಸ್ಟೇಸಿ ಕುಟುಂಬದ್ದು, ಶುಂಠಿಯ ಮನೆಯಿಂದ ಬೇರೆಯಾಗಿ ಬಹಳ ಕಾಲವಾಯಿತು.

ಆದ್ದರಿಂದ ಗಡ್ಡೆಯೊಂದನ್ನೇ ತರಬೇಡಿ. ಎಲೆ ಇರುವ ಕಾಲಕ್ಕೆ ಹೊಲಕ್ಕೆ ಹೋಗಿ, ಸಾಧ್ಯವಾದರೆ ಹೂವಿರುವಾಗ, ಇಡೀ ಗಿಡವನ್ನು ಕಾಗದದಲ್ಲಿ ಒತ್ತಿ ಒಣಗಿಸಿ, ಬಲ್ಲ ಸಸ್ಯಶಾಸ್ತ್ರಜ್ಞರಿಗೆ ತೋರಿಸಿ, ಆ ಪ್ರತಿಯನ್ನು ಉಳಿಸಿಕೊಳ್ಳಿ. ಕಾಡಿನಿಂದ ತಂದ, ಗುರುತು ಖಚಿತವಾಗದ ಗಡ್ಡೆಯನ್ನು ಯಾರೂ ಬಾಯಿಗೆ ಹಾಕಿಕೊಳ್ಳಕೂಡದು. ಶುಂಠಿ ಕುಟುಂಬದಲ್ಲಿ ಸಾವಿರದ ಐನೂರಕ್ಕೂ ಹೆಚ್ಚು ಪ್ರಭೇದಗಳಿವೆ, ಅಡುಗೆಮನೆಗೆ ಬಂದವು ಅದರಲ್ಲಿ ಕೆಲವೇ. ವಾಸನೆ ಚೆನ್ನಾಗಿದೆ ಎಂಬುದು ತಿನ್ನಲು ಯೋಗ್ಯ ಎಂಬುದಕ್ಕೆ ಸಾಕ್ಷಿಯಲ್ಲ.

ತಳಿಯ ಹೆಸರು ಎಲ್ಲಿಂದ ಬಂತು, ಬರೆದಿಡಿ

ಶುಂಠಿ ಬೀಜ ಕಟ್ಟುವುದಿಲ್ಲ. ಗಡ್ಡೆಯ ತುಂಡಿನಿಂದ ಗಿಡ, ಗಿಡದಿಂದ ಗಡ್ಡೆ. ಹಾಗಾಗಿ ತಳಿಯ ಗುಣ ತಲೆಮಾರಿನಿಂದ ತಲೆಮಾರಿಗೆ ಬದಲಾಗದೆ ಬರುತ್ತದೆ. ಆದರೆ ಹೆಸರು ಹಾಗಲ್ಲ. ಸಂತೆಯಲ್ಲಿ ಕೈ ಬದಲಾದಂತೆ ಹೆಸರೂ ಬದಲಾಗುತ್ತದೆ, ಎರಡು ತಳಿಯ ಮೂಟೆಗಳು ಒಂದಾಗುತ್ತವೆ. ನಮ್ಮ ಬೆಳೆಗಾರರು ರಿಗೋಡಿ ಎನ್ನುವುದು ರಿಯೊ ಡಿ ಜನೈರೊ ತಳಿ. ಹಿಮಾಚಲ ಎನ್ನುವುದಂತೂ ಹಾಸನದಿಂದ ಹುಣಸೂರು, ಪಿರಿಯಾಪಟ್ಟಣದವರೆಗೆ ಹೊಲಹೊಲದಲ್ಲಿ ಇದೆ. ಮಸಾಲೆ ಬೆಳೆಗಳ ಅಧಿಕೃತ ಪಟ್ಟಿಗಳಲ್ಲಿ ಹಿಮಾಚಲ ಎಂಬ ತಳಿಗೆ ಕೊಟ್ಟಿರುವ ಇಳುವರಿ ಹೆಕ್ಟೇರಿಗೆ ಸುಮಾರು 7.3 ಟನ್, ಅಂದರೆ ಎಕರೆಗೆ 60 ಕಿಲೋದ 50 ಮೂಟೆಯೂ ಇಲ್ಲ. ಅಷ್ಟೇ ಬಂದರೆ ನಮ್ಮಲ್ಲಿ ಯಾರೂ ಎರಡನೇ ವರ್ಷ ಅದನ್ನು ನೆಡುವುದಿಲ್ಲ. ಪಟ್ಟಿಯ ಹಿಮಾಚಲವೂ ಹೊಲದ ಹಿಮಾಚಲವೂ ಒಂದೇ ಎಂದು ಇಟ್ಟುಕೊಂಡು ಪಟ್ಟಿಯ ಎಣ್ಣೆ ಪ್ರಮಾಣವನ್ನು ಹೊಲದ ಗಡ್ಡೆಗೆ ಅಂಟಿಸುವುದು ತಪ್ಪು.

ಬಿತ್ತನೆಯನ್ನು ಯಾರಿಂದ, ಯಾವ ವರ್ಷ ತಂದಿರಿ, ಅದಕ್ಕೂ ಹಿಂದೆ ಎಲ್ಲಿತ್ತು ಎಂದು ತಿಳಿದಷ್ಟನ್ನೂ ಬರೆಯಿರಿ. ಹೋಲಿಕೆಗೆ ಆಧಾರವಾಗಿ ಕೋಯಿಕ್ಕೋಡಿನ ಭಾರತೀಯ ಮಸಾಲೆ ಬೆಳೆಗಳ ಸಂಶೋಧನಾ ಸಂಸ್ಥೆಯಿಂದಲೋ ನಿಮ್ಮ ಹತ್ತಿರದ ತೋಟಗಾರಿಕೆ ವಿಶ್ವವಿದ್ಯಾಲಯದಿಂದಲೋ ದಾಖಲೆಯೊಂದಿಗೆ ಬಂದ ಒಂದು ತಳಿಯಾದರೂ ಇರಲಿ. ಶುಂಠಿಯಲ್ಲಿ ವರದ, ಮಹಿಮ, ರಜತ, ಅರಿಶಿನದಲ್ಲಿ ಪ್ರಭ, ಪ್ರತಿಭ ಇಂಥ ಹೆಸರಿರುವವು. ಊರಿನ ತಳಿ ಯಾವುದೆಂದು ಗೊತ್ತಿಲ್ಲದಿದ್ದರೆ ‘ಇಂಥ ಊರಿನ ಸ್ಥಳೀಯ’ ಎಂದೇ ಬರೆಯಿರಿ. ಅದರಲ್ಲಿ ಅವಮಾನವಿಲ್ಲ. ಗೊತ್ತಿಲ್ಲದ ಹೆಸರನ್ನು ಅಂಟಿಸಿದರೆ ಮುಂದಿನವರ ಕೆಲಸವೂ ಹಾಳು.

ಹೊಲದಲ್ಲಿ

ಬೇರೆ ಬೇರೆ ಊರಿನಿಂದ ತಂದ ಎರಡು ತಳಿಗಳನ್ನು ಹೋಲಿಸಿ ತಳಿಯ ಮೇಲೆ ತೀರ್ಪು ಕೊಡಬೇಡಿ. ಮೇಘಾಲಯದ ಲಕಡಾಂಗ್ ಅರಿಶಿನ ಕರ್ಕ್ಯುಮಿನ್‌ಗೆ ಹೆಸರಾದದ್ದು ನಿಜ, ಈರೋಡಿನ ಅರಿಶಿನ ಅದರ ಅರ್ಧವನ್ನೂ ಮುಟ್ಟದಿರುವುದೂ ಸಾಮಾನ್ಯ. ಆದರೆ ಜೈಂತಿಯಾ ಬೆಟ್ಟದ ಮಳೆ, ಮಣ್ಣು, ತಂಪಿನಲ್ಲಿ ಬೆಳೆದದ್ದನ್ನು ಚಾಮರಾಜನಗರದ ಬಿಸಿಲಲ್ಲಿ ಬೆಳೆದದ್ದರ ಪಕ್ಕ ಇಟ್ಟರೆ ನೀವು ನೋಡುತ್ತಿರುವುದು ತಳಿ ಮತ್ತು ನೆಲ ಎರಡೂ ಸೇರಿದ ಫಲ. ಯಾವುದರ ಪಾಲು ಎಷ್ಟೆಂದು ಆ ಅಂಕಿಯಿಂದ ಬಿಡಿಸಲಾಗದು. ಒಂದು ಊರಲ್ಲಿ ಹೆಚ್ಚು ಕರ್ಕ್ಯುಮಿನ್ ಕೊಟ್ಟ ತಳಿ ಇನ್ನೊಂದು ಊರಲ್ಲಿ ಇಳಿದುಬಿಡುವುದನ್ನು ಅರಿಶಿನದ ಸಂಶೋಧಕರು ಮತ್ತೆ ಮತ್ತೆ ಕಂಡಿದ್ದಾರೆ. ಲಕಡಾಂಗ್ ಗಡ್ಡೆ ತಂದು ನೆಟ್ಟರೆ ಲಕಡಾಂಗ್‌ನ ಅಂಕಿಯೂ ಬರುತ್ತದೆ ಎಂದು ಬೆಳೆಗಾರನಿಗೆ ಭರವಸೆ ಕೊಡುವ ಅಧಿಕಾರ ಯಾರಿಗೂ ಇಲ್ಲ.

ಮಾಡಬೇಕಾದ್ದು ಇಷ್ಟು: ತಳಿಗಳನ್ನು ಒಂದೇ ಹೊಲದಲ್ಲಿ, ಒಂದೇ ವಾರದಲ್ಲಿ ನೆಡಿ. ಒಂದೇ ಗೊಬ್ಬರ, ಒಂದೇ ನೀರು. ಪ್ರತಿ ತಳಿಯನ್ನು ಹೊಲದ ಮೂರು ನಾಲ್ಕು ಕಡೆ, ಚೀಟಿ ಎತ್ತಿ ಬಂದ ಜಾಗದಲ್ಲಿ ನೆಡಿ. ಕೆರೆ ಬದಿಯ ಸಾಲನ್ನೆಲ್ಲ ಒಂದು ತಳಿಗೂ ದಿಣ್ಣೆಯನ್ನೆಲ್ಲ ಇನ್ನೊಂದಕ್ಕೂ ಕೊಡಬೇಡಿ. ಕೊಳೆ ರೋಗ ಬಂದ ಪಾತಿಯಿಂದ ಮಾದರಿ ಎತ್ತಬೇಡಿ.

ಅಗೆಯುವ ವಯಸ್ಸು ಒಂದೇ ಇರಲಿ. ಇದನ್ನು ಎಷ್ಟು ಒತ್ತಿ ಹೇಳಿದರೂ ಸಾಲದು. ಐದಾರು ತಿಂಗಳ ಎಳೆ ಶುಂಠಿಯಲ್ಲಿ ನಾರು ಕಡಿಮೆ, ಆದ್ದರಿಂದಲೇ ಮುರಬ್ಬಕ್ಕೆ ಅದನ್ನು ಕೇಳುತ್ತಾರೆ. ಒಣಶುಂಠಿಗೆ ಎಂಟು ತಿಂಗಳಾದರೂ ನೆಲದಲ್ಲಿರಬೇಕು. ಇನ್ನು ಬೆಲೆ ಬರಲೆಂದು ಹೊಲದಲ್ಲೇ ಬಿಟ್ಟ ಹಳೆ ಶುಂಠಿ ಬೇರೆಯೇ ಸರಕು. ಒಂದು ತಳಿಯ ಹೊಸ ಶುಂಠಿಯನ್ನು ಇನ್ನೊಂದರ ಹಳೆ ಶುಂಠಿಗೆ ಹೋಲಿಸಿ ‘ಇದರಲ್ಲಿ ನಾರು ಹೆಚ್ಚು’ ಎಂದು ಬರೆದ ವರದಿಯನ್ನು ತಿರಸ್ಕರಿಸಿ. ಅರಿಶಿನದಲ್ಲಿ ತಳಿಗಳ ಅವಧಿಯೇ ಬೇರೆ ಬೇರೆ ಎಂದಾದರೆ, ಎಲ್ಲವನ್ನೂ ಎಲೆ ಒಣಗಿ ಬಿದ್ದ ಹಂತದಲ್ಲಿ ಅಗೆದು, ನೆಟ್ಟ ದಿನದಿಂದ ಎಷ್ಟು ದಿನವಾಯಿತೆಂದು ಪ್ರತಿಯೊಂದಕ್ಕೂ ಬರೆಯಿರಿ.

ಒಂದು ಗಿಡದ ಒಂದು ಗಡ್ಡೆ ತಂದು ತಳಿ ಎನ್ನಬೇಡಿ. ಪಾತಿಯ ಹತ್ತಾರು ಬುಡಗಳಿಂದ ಎತ್ತಿ, ಬೆರೆಸಿ, ಅದರಿಂದ ಮಾದರಿ ತೆಗೆಯಿರಿ. ಅರಿಶಿನದಲ್ಲಿ ಉಂಡೆಯನ್ನೂ ಕೊಂಬನ್ನೂ ಬೇರೆ ಮಾಡಿ. ತಾಯಿ ಉಂಡೆಯ ಅಂಕಿ ಬೇರೆ, ಅದರಿಂದ ಕವಲೊಡೆದ ಕೊಂಬಿನ ಅಂಕಿ ಬೇರೆ. ಯಾವುದನ್ನು ಪರೀಕ್ಷಿಸಿದಿರಿ ಎಂದು ಹೇಳದ ಕರ್ಕ್ಯುಮಿನ್ ಪ್ರಮಾಣಕ್ಕೆ ಅರ್ಥವಿಲ್ಲ. ಇದೇ ಕುಟುಂಬದ ಏಲಕ್ಕಿಯನ್ನು ಹೋಲಿಸುವವರು ಸಿಪ್ಪೆ ಬಿಡಿಸಿ ಬೀಜವನ್ನು ಮಾತ್ರ ತೆಗೆದುಕೊಳ್ಳಿ. ಸುವಾಸನೆಯ ಎಣ್ಣೆ ಇರುವುದು ಬೀಜದಲ್ಲಿ, ಸಿಪ್ಪೆಯಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ದಪ್ಪ ಸಿಪ್ಪೆಯ ತಳಿಯನ್ನು ಇಡಿಯಾಗಿ ಅರೆದರೆ ಅದಕ್ಕೆ ಅನ್ಯಾಯವಾಗುತ್ತದೆ. ಅರೆಯುವುದನ್ನೂ ಪರೀಕ್ಷೆಯ ಹೊತ್ತಿಗೇ ಮಾಡಿ, ಅರೆದ ಏಲಕ್ಕಿ ಗಂಟೆಗಂಟೆಗೂ ಎಣ್ಣೆ ಕಳೆದುಕೊಳ್ಳುತ್ತದೆ.

ಅಗೆದ ಮೇಲೆ, ಒಣಗುವವರೆಗೆ

ಹೆಚ್ಚಿನ ಹೋಲಿಕೆಗಳು ಕೆಡುವುದು ಇಲ್ಲಿ. ಆದ್ದರಿಂದ ಸ್ವಲ್ಪ ನಿಂತು ಹೇಳಬೇಕು.

ಹಸಿ ಶುಂಠಿಯ ಖಾರ ಮುಖ್ಯವಾಗಿ 6-ಜಿಂಜೆರಾಲ್‌ನಿಂದ. ಜೊತೆಗೆ 8 ಮತ್ತು 10 ಸಂಖ್ಯೆಯ ಅದರ ದಾಯಾದಿಗಳು ಸ್ವಲ್ಪ ಸ್ವಲ್ಪ. ಬಿಸಿಲಿಗೆ ಹಾಕಿದಾಗ, ಅದರಲ್ಲೂ ಬಿಸಿ ಒಲೆಯಲ್ಲಿ ಒಣಗಿಸಿದಾಗ, ಜಿಂಜೆರಾಲ್ ಅಣುವಿನಿಂದ ಒಂದು ನೀರಿನ ಅಣು ಬಿಟ್ಟುಹೋಗಿ ಅದು ಶೋಗಾಲ್ ಆಗುತ್ತದೆ. ಶೋಗಾಲ್ ಜಿಂಜೆರಾಲ್‌ಗಿಂತ ಹೆಚ್ಚು ಖಾರ. ಕಷಾಯಕ್ಕೆ ಹಾಕಿದ ಒಣಶುಂಠಿ ಗಂಟಲನ್ನು ಹಿಡಿಯುವ ರೀತಿಗೂ ಚಟ್ನಿಗೆ ಹಾಕಿದ ಹಸಿ ಶುಂಠಿ ನಾಲಿಗೆಯನ್ನು ಚುರುಗುಟ್ಟಿಸುವ ರೀತಿಗೂ ವ್ಯತ್ಯಾಸ ಬರುವುದು ಇದರಿಂದಲೇ. ಕುದಿಸಿದಾಗ ಜಿಂಜೆರಾಲ್ ಒಡೆದು ಜಿಂಜೆರೋನ್ ಕೂಡ ಹುಟ್ಟುತ್ತದೆ, ಅದು ಸೌಮ್ಯ, ಸ್ವಲ್ಪ ಸಿಹಿ ಘಮದ್ದು. ಮೂರೂ ಒಂದೇ ಮೂಲದವು, ಪ್ರಮಾಣವನ್ನು ನಿರ್ಧರಿಸುವುದು ಬಿಸಿ ಮತ್ತು ಕಾಲ.

ಇದರ ಅರ್ಥ ಸ್ಪಷ್ಟ. ಒಂದು ತಳಿಯನ್ನು ನೆರಳಲ್ಲಿ, ಇನ್ನೊಂದನ್ನು ಒಲೆಯಲ್ಲಿ ಒಣಗಿಸಿ ‘ಎರಡನೆಯದರಲ್ಲಿ ಶೋಗಾಲ್ ಹೆಚ್ಚು’ ಎಂದರೆ ಅದು ಒಲೆಯ ಗುಣ, ತಳಿಯ ಗುಣವಲ್ಲ. ಶೋಗಾಲ್ ಪ್ರಮಾಣವನ್ನು ತಳಿಯ ಹೆಗ್ಗಳಿಕೆಯಾಗಿ ಎಂದೂ ಜಾಹೀರು ಮಾಡಬೇಡಿ. ತಳಿಯ ಖಾರ ತಿಳಿಯಬೇಕಿದ್ದರೆ ಹಸಿ ಗಡ್ಡೆಯನ್ನು ಅಗೆದ ದಿನವೇ ತೊಳೆದು, ಹೆಚ್ಚಿ, ತಣ್ಣಗೆ ಕಾಪಾಡಿ ಪರೀಕ್ಷೆಗೆ ಕೊಡಿ. ಅಥವಾ ಎಲ್ಲ ತಳಿಗಳನ್ನೂ ಒಂದೇ ದಪ್ಪದ ಬಿಲ್ಲೆ ಮಾಡಿ, ಒಂದೇ ಉಷ್ಣತೆಯಲ್ಲಿ, ಒಂದೇ ತಟ್ಟೆಯಲ್ಲಿ, ಒಂದೇ ಹೊತ್ತು ಒಣಗಿಸಿ. ಉಷ್ಣತೆಯನ್ನು ಬರೆದಿಡಿ.

ಸಿಪ್ಪೆಯನ್ನು ಆಳವಾಗಿ ಹೆರೆಯಬೇಡಿ. ಶುಂಠಿಯ ಎಣ್ಣೆಯ ಕೋಶಗಳು ಸಿಪ್ಪೆಯ ಕೆಳಗೇ ದಟ್ಟವಾಗಿವೆ. ಬಿದಿರಿನ ಚೂರಿನಲ್ಲಿ ಮೇಲೆ ಮೇಲೆ ಹೆರೆಯುತ್ತಿದ್ದ ಹಳೆಯ ಕ್ರಮ ಈ ಎಣ್ಣೆಯನ್ನು ಉಳಿಸುತ್ತಿತ್ತು. ಚಾಕುವಿನಿಂದ ದಪ್ಪಗೆ ತೆಗೆದ ಮಾದರಿ ಎಣ್ಣೆ ಪರೀಕ್ಷೆಗೆ ನಾಲಾಯಕ್ಕು. ಸುಣ್ಣ ಹಚ್ಚಿ ಬೆಳ್ಳಗೆ ಮಾಡಿದ ಶುಂಠಿಯನ್ನು ಬೂದಿಯ ಪ್ರಮಾಣ ನೋಡುವ ಹೋಲಿಕೆಗೆ ತರಬೇಡಿ, ನೀವು ಅಳೆಯುವುದು ಸುಣ್ಣವನ್ನು.

ಅರಿಶಿನ ಬೇಯಿಸುವವರು ಹೊತ್ತನ್ನು ಗಮನಿಸಿ. ಮುಕ್ಕಾಲು ಗಂಟೆಯಿಂದ ಒಂದು ಗಂಟೆ, ನೊರೆ ಬಂದು, ಬಿಳಿ ಹಬೆಯ ಜೊತೆ ಅರಿಶಿನದ ವಾಸನೆ ಎದ್ದಾಗ ನಿಲ್ಲಿಸುವುದು ವಾಡಿಕೆ. ಹೆಚ್ಚು ಬೇಯಿಸಿದರೆ ಬಣ್ಣ ಕೆಡುತ್ತದೆ, ಕಡಿಮೆಯಾದರೆ ಒಣಗಿದ ಕೊಂಬು ಪುಡಿಪುಡಿಯಾಗಿ ಮುರಿಯುತ್ತದೆ. ಬೇಯಿಸುವುದರಿಂದ ಪಿಷ್ಟ ಹದಗೊಂಡು ಬಣ್ಣ ಕೊಂಬಿನ ಉದ್ದಕ್ಕೂ ಸಮನಾಗಿ ಹರಡುತ್ತದೆ, ಒಣಗುವುದೂ ಬೇಗ. ಆದ್ದರಿಂದ ಬೇಯಿಸಿದ ಕೊಂಬನ್ನು ಬೇಯಿಸದೆ ಹೆಚ್ಚಿ ಒಣಗಿಸಿದ ಬಿಲ್ಲೆಗೆ ಹೋಲಿಸಬಾರದು. ಪುಡಿಯನ್ನು ಬೆಳಕಿಗೆ ಇಡಬಾರದು. ಕರ್ಕ್ಯುಮಿನ್ ಬೆಳಕಿನಲ್ಲಿ ಮಾಸುತ್ತದೆ, ಕ್ಷಾರದಲ್ಲಿ ಕೆಡುತ್ತದೆ. ಅರಿಶಿನಕ್ಕೆ ಸುಣ್ಣ ತಾಗಿ ಕೆಂಪಾದಾಗ ಕಣ್ಣಿಗೆ ಕಾಣುವುದು ಕ್ಷಾರ ಅದನ್ನು ಬದಲಿಸುವ ಬಗೆಯೇ. ಕಂದು ಗಾಜಿನ ಶೀಶೆ, ಬಿಗಿ ಮುಚ್ಚಳ, ತಂಪು ಜಾಗ ಸಾಕು. ಪಾರದರ್ಶಕ ಪ್ಲಾಸ್ಟಿಕ್ ಕವರಿನಲ್ಲಿ ಕಿಟಕಿ ಪಕ್ಕ ಇಟ್ಟ ಮಾದರಿಯನ್ನು ಹೊರಗೆಸೆಯಿರಿ.

ಒಣಶುಂಠಿಯ ಎಣ್ಣೆಯಲ್ಲಿ ಹೆಚ್ಚಾಗಿ ಮುಂದಿರುವುದು ಜಿಂಜಿಬೆರೀನ್. ದಾಸ್ತಾನಿನಲ್ಲಿ ಹಳತಾದಂತೆ ಅದು ಇಳಿದು ಆರ್-ಕರ್ಕ್ಯುಮೀನ್ ಏರುತ್ತದೆ. ಹೋದ ವರ್ಷದ ಮೂಟೆಯನ್ನೂ ಈ ವರ್ಷದ್ದನ್ನೂ ಅಕ್ಕಪಕ್ಕ ಇಟ್ಟರೆ ತಳಿಯ ವ್ಯತ್ಯಾಸದಂತೆ ಕಾಣುವುದು ಬರೀ ವಯಸ್ಸಿನ ವ್ಯತ್ಯಾಸ.

ನೀರಿನ ಲೆಕ್ಕ

ತೇವಾಂಶ ಹೇಳದ ಅಂಕಿಯನ್ನು ಕೊಡಬೇಡಿ, ಕೊಟ್ಟರೆ ತೆಗೆದುಕೊಳ್ಳಬೇಡಿ. ನೂರು ಗ್ರಾಂ ಹಸಿ ಅರಿಶಿನದಲ್ಲಿ ಎಂಬತ್ತು ಗ್ರಾಂ ನೀರು, ಒಂದು ಗ್ರಾಂ ಬಣ್ಣದ ಅಂಶ ಇದೆ ಎಂದುಕೊಳ್ಳಿ. ಹಸಿ ತೂಕಕ್ಕೆ ಅದು ಶೇ 1. ನೀರೆಲ್ಲ ಕಳೆದ ಒಣ ತೂಕಕ್ಕೆ ಶೇ 5. ಅಂಗಡಿಯ ಪುಡಿಯಲ್ಲಿ ಇರುವಂತೆ ಶೇ 10 ತೇವ ಉಳಿದಿದ್ದರೆ ಶೇ 4.5. ಮೂರೂ ನಿಜ, ಗಡ್ಡೆಯೂ ಒಂದೇ. ಒಬ್ಬರ ಹಸಿ ಅಂಕಿಯನ್ನು ಇನ್ನೊಬ್ಬರ ಒಣ ಅಂಕಿಗೆ ಹೋಲಿಸಿದರೆ ಒಂದೇ ತಳಿ ತನಗಿಂತ ತಾನೇ ಐದು ಪಟ್ಟು ಮೇಲು ಎಂದಾಗುತ್ತದೆ. ಎಲ್ಲವನ್ನೂ ಒಣ ತೂಕಕ್ಕೆ ತಂದೇ ಹೋಲಿಸಬೇಕು.

ತೇವ ಅಳೆಯಲು ಪುಡಿಯನ್ನು 105 ಡಿಗ್ರಿ ಒಲೆಯಲ್ಲಿಟ್ಟು ಇಳಿದ ತೂಕವನ್ನೆಲ್ಲ ನೀರು ಎನ್ನಬೇಡಿ. ಬೇಳೆಗೆ, ಹಿಟ್ಟಿಗೆ ಅದು ಸರಿ. ಇಲ್ಲಿ ನೀರಿನ ಜೊತೆ ಎಣ್ಣೆಯೂ ಹಾರುತ್ತದೆ, ಎಣ್ಣೆ ಹೆಚ್ಚಿರುವ ತಳಿಯೇ ಹೆಚ್ಚು ತೇವದ್ದು ಎಂದು ಕಾಣುತ್ತದೆ. ಟೊಲ್ವೀನ್ ಜೊತೆ ಕುದಿಸಿ ನೀರನ್ನು ಪ್ರತ್ಯೇಕವಾಗಿ ಇಳಿಸಿ ಅಳೆಯುವ ಡೀನ್-ಸ್ಟಾರ್ಕ್ ವಿಧಾನವನ್ನೇ ಮಸಾಲೆಗಳಿಗೆ ಬಳಸಿ.

ಪರೀಕ್ಷೆ ಮಾಡುವವರಿಗೆ

ಏನನ್ನು ಅಳೆಯುತ್ತಿದ್ದೀರಿ ಎಂಬುದನ್ನು ಅದರ ಸರಿಯಾದ ಹೆಸರಿನಿಂದ ಕರೆಯಿರಿ. ಸ್ಪೆಕ್ಟ್ರೋಫೋಟೋಮೀಟರ್ 425 ನ್ಯಾನೋಮೀಟರ್‌ನಲ್ಲಿ ಕೊಡುವ ಓದು ಕರ್ಕ್ಯುಮಿನ್ ಒಂದರದಲ್ಲ. ಕರ್ಕ್ಯುಮಿನ್, ಡೀಮೆಥಾಕ್ಸಿ ಕರ್ಕ್ಯುಮಿನ್, ಬಿಸ್‌ಡೀಮೆಥಾಕ್ಸಿ ಕರ್ಕ್ಯುಮಿನ್ ಮೂರೂ ಸೇರಿದ ಒಟ್ಟು ಅದು. ಬಿಡಿಬಿಡಿಯಾಗಿ ಬೇಕಿದ್ದರೆ ಎಚ್‌ಪಿಎಲ್‌ಸಿ ಬೇಕು. ಮೂರರ ಅನುಪಾತ ತಳಿಯಿಂದ ತಳಿಗೆ ಬದಲಾಗುವುದರಿಂದ, ಒಬ್ಬರು ಒಟ್ಟನ್ನೂ ಇನ್ನೊಬ್ಬರು ಒಂದನ್ನೇ ಹೇಳಿದರೆ ಹೋಲಿಸುವುದು ನಿಷಿದ್ಧ. ಪುಡಿಗೆ ಕೃತಕ ಹಳದಿ ಬೆರೆತಿದ್ದರೆ ಈ ಓದು ಅದನ್ನೂ ಅರಿಶಿನದ ಖಾತೆಗೆ ಹಾಕಬಹುದು. ಆದ್ದರಿಂದ ಮಾರುಕಟ್ಟೆಯ ಪುಡಿಯಿಂದ ತಳಿ ಹೋಲಿಕೆ ಮಾಡಲೇಬಾರದು, ಇಡೀ ಕೊಂಬಿನಿಂದ ಮಾತ್ರ. ಮೆಟಾನಿಲ್ ಹಳದಿಯೂ ಸೀಸದ ಕ್ರೋಮೇಟೂ ಅರಿಶಿನಕ್ಕೆ ಬೆರೆಸಿ ಸಿಕ್ಕಿಬಿದ್ದ ಬಣ್ಣಗಳು, ಕಾನೂನಿನಲ್ಲಿ ಎರಡೂ ಇರಲೇಕೂಡದು. ಕೊಂಬಿನ ಮೇಲೂ ಹೊಳಪಿಗೆಂದು ಬಣ್ಣ ಉಜ್ಜುವುದುಂಟು, ಪಾಲಿಶ್ ಆದ ಕೊಂಬನ್ನು ಬಿಟ್ಟು ಹೊಲದ್ದನ್ನೇ ತನ್ನಿ.

ಆವಿಯಲ್ಲಿ ಇಳಿಸಿದ ಎಣ್ಣೆಯನ್ನು ನೋಡಿ ಶುಂಠಿಯ ಖಾರವನ್ನೂ ಅರಿಶಿನದ ಬಣ್ಣವನ್ನೂ ನಿರ್ಧರಿಸಬೇಡಿ. ಜಿಂಜೆರಾಲ್ ಆಗಲಿ ಕರ್ಕ್ಯುಮಿನ್ ಆಗಲಿ ಆವಿಯ ಜೊತೆ ಏಳುವುದಿಲ್ಲ. ಶುಂಠಿ ಎಣ್ಣೆಯಲ್ಲಿ ಘಮವಿದೆ, ಖಾರವಿಲ್ಲ. ಅರಿಶಿನದ ಎಣ್ಣೆಯಲ್ಲಿರುವುದು ಟರ್ಮೆರೋನ್‌ಗಳು. ಖಾರವೂ ಬಣ್ಣವೂ ದ್ರಾವಕದಿಂದ ತೆಗೆದ ಓಲಿಯೋರೆಸಿನ್‌ಗೆ ಬರುತ್ತವೆ. ಯಾವ ದ್ರಾವಕ ಎಂದು ಬರೆಯದೆ ಓಲಿಯೋರೆಸಿನ್ ಶೇಕಡಾವಾರು ಕೊಡಬೇಡಿ, ಅಸಿಟೋನ್ ತೆಗೆದಷ್ಟೇ ಆಲ್ಕೋಹಾಲ್ ತೆಗೆಯುವುದಿಲ್ಲ. ಶುಂಠಿಯ ಖಾರವನ್ನು ಗ್ಯಾಸ್ ಕ್ರೊಮಟೊಗ್ರಾಫಿಯಲ್ಲಿ ಅಳೆಯುವುದು ಕೂಡದು: ಯಂತ್ರದ ಬಿಸಿ ಬಾಯಿಯಲ್ಲೇ ಜಿಂಜೆರಾಲ್ ಒಡೆದು ಶೋಗಾಲ್, ಜಿಂಜೆರೋನ್ ಆಗುತ್ತದೆ. ಗಡ್ಡೆಯಲ್ಲಿ ಇರದಿದ್ದದ್ದನ್ನು ಯಂತ್ರ ಸೃಷ್ಟಿಸಿ ತೋರಿಸುತ್ತದೆ. ಬಿಸಿಯಿಲ್ಲದ ಎಚ್‌ಪಿಎಲ್‌ಸಿಯಲ್ಲೇ ಅಳೆಯಿರಿ.

ಎಣ್ಣೆಯ ಘಟಕಗಳಿಗೆ ಗ್ಯಾಸ್ ಕ್ರೊಮಟೊಗ್ರಾಫಿ ಸರಿಯಾದದ್ದೇ. ಆದರೆ ‘ಜಿಂಜಿಬೆರೀನ್ ಶೇ 30’ ಎಂದು ಬಂದರೆ ಅದು ಎಣ್ಣೆಯಲ್ಲಿ ಶೇ 30, ಶುಂಠಿಯಲ್ಲಿ ಅಲ್ಲ. ಶುಂಠಿಯಲ್ಲಿ ಎಣ್ಣೆಯೇ ಶೇ 2 ಇದ್ದರೆ ಗಡ್ಡೆಯಲ್ಲಿ ಅದು ಶೇ 0.6 ಮಾತ್ರ. ಎಣ್ಣೆ ಕಡಿಮೆಯಿರುವ ತಳಿಯೊಂದು ಈ ಶೇಕಡಾವಾರಿನಲ್ಲಿ ಮೇಲಿದ್ದು, ಗಡ್ಡೆಯ ಲೆಕ್ಕದಲ್ಲಿ ಕೆಳಗಿರಬಹುದು. ಎರಡನ್ನೂ ಗುಣಿಸದೆ ತೀರ್ಪು ಬರೆಯಬೇಡಿ.

ಇದನ್ನೆಲ್ಲ ಹೊಸದಾಗಿ ಕಂಡುಹಿಡಿಯಬೇಕಿಲ್ಲ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನಲ್ಲಿದ್ದ ವಿ. ಎಸ್. ಗೋವಿಂದರಾಜನ್ ಅರಿಶಿನದ ಬಗ್ಗೆ 1980ರಲ್ಲಿ, ಶುಂಠಿಯ ಬಗ್ಗೆ 1982ರಲ್ಲಿ ಬರೆದ ದೀರ್ಘ ವಿಮರ್ಶೆಗಳು ರಸಾಯನ, ಸಂಸ್ಕರಣೆ, ಗುಣಮಟ್ಟ ಮೂರನ್ನೂ ಒಟ್ಟಿಗೆ ಇಟ್ಟು ನೋಡಿದವು. ಕರ್ನಾಟಕದ ವಿದ್ಯಾರ್ಥಿ ತನ್ನ ಮನೆಯಂಗಳದಲ್ಲಿ ನಡೆದ ಈ ಕೆಲಸವನ್ನು ಓದದೆ ಪ್ರಾಜೆಕ್ಟ್ ಆರಂಭಿಸುವುದು ನನಗೆ ಒಪ್ಪಿಗೆಯಿಲ್ಲ.

ಅಂಕಿಯನ್ನು ಓದುವವರಿಗೆ

ಶೇಕಡಾವಾರು ನೋಡಿದ ಕೂಡಲೇ ಬಿತ್ತನೆಗೆ ಓಡಬೇಡಿ. ಪ್ರಕಟಿತ ಪಟ್ಟಿಗಳಿಂದ ಒಂದು ಉದಾಹರಣೆ: ರಿಯೊ ಡಿ ಜನೈರೊ ಶುಂಠಿಗೆ ಹೆಕ್ಟೇರಿಗೆ 17.6 ಟನ್ ಹಸಿ ಇಳುವರಿ, ಒಣಗಿದಾಗ ಶೇ 20, ಎಣ್ಣೆ ಶೇ 2.3, ಓಲಿಯೋರೆಸಿನ್ ಶೇ 10.5. ವರದಕ್ಕೆ 22.6 ಟನ್, ಒಣಗಿದಾಗ ಶೇ 20.7, ಎಣ್ಣೆ ಶೇ 1.8, ಓಲಿಯೋರೆಸಿನ್ ಶೇ 6.7. ಎಣ್ಣೆಯ ಶೇಕಡಾವಾರಿನಲ್ಲಿ ರಿಗೋಡಿ ಮುಂದು. ಆದರೆ ಹೆಕ್ಟೇರಿನ ಲೆಕ್ಕ ಹಾಕಿದರೆ ರಿಗೋಡಿಯಿಂದ ಸುಮಾರು 81 ಕಿಲೋ ಎಣ್ಣೆ, ವರದದಿಂದ ಸುಮಾರು 84. ಓಲಿಯೋರೆಸಿನ್‌ಗೆ ಬಂದರೆ ರಿಗೋಡಿ ಸುಮಾರು 370 ಕಿಲೋ, ವರದ ಸುಮಾರು 313. ಎಣ್ಣೆ ತೆಗೆಯುವ ಕಾರ್ಖಾನೆಗೆ ಒಂದು ಉತ್ತರ, ಓಲಿಯೋರೆಸಿನ್ ಕೊಳ್ಳುವವರಿಗೆ ಇನ್ನೊಂದು. ಹಸಿ ಶುಂಠಿಯನ್ನು ಮೂಟೆ ಲೆಕ್ಕದಲ್ಲಿ ಮಾರುವ ನಮ್ಮ ಬಹುಪಾಲು ಬೆಳೆಗಾರರಿಗೆ ಇವೆರಡೂ ಉತ್ತರವಲ್ಲ, ಅವರು ನೋಡಬೇಕಾದ್ದು ಇಳುವರಿ, ಗಾತ್ರ, ರೋಗ. ನಾರು ಶೇ 3.3 ಇರುವ ಮಹಿಮ ಅಡುಗೆಗೆ ಒಳ್ಳೆಯದು, ಶೇ 6ರಷ್ಟು ನಾರಿನ ಮಾರನ್ ತಳಿಯಿಂದ ಒಣಗಿಸುವವರಿಗೆ ತೊಂದರೆಯಿಲ್ಲ.

ಪರೀಕ್ಷೆಗೆ ಮೊದಲು ಯಾರಿಗೆ ಮಾರುತ್ತೀರಿ ಎಂದು ನಿರ್ಧರಿಸಿ, ಅವರಿಗೆ ಬೇಕಾದ ಅಂಶವನ್ನು ಮಾತ್ರ ಪರೀಕ್ಷಿಸಿ. ಕರ್ಕ್ಯುಮಿನ್ ನೋಡಿ ಬೆಲೆ ಕೊಡುವ ಖರೀದಿದಾರ ನಿಮಗಿಲ್ಲದಿದ್ದರೆ ಶೇ 6.5 ಕರ್ಕ್ಯುಮಿನ್‌ನ ಪ್ರಭ ತಂದು ನೆಟ್ಟು ಸಾಮಾನ್ಯ ಅರಿಶಿನದ ಧಾರಣೆಗೆ ಮಾರಬೇಕಾಗುತ್ತದೆ. ಪ್ರಕಟಿತ ಪಟ್ಟಿಯ ಅಂಕಿಯನ್ನು ನಿಮ್ಮ ಹೊಲದ ಅಂಕಿಗೆ ಅಡ್ಡಡ್ಡ ಹೋಲಿಸಬೇಡಿ. ಪಟ್ಟಿಯ ತಳಿಗಳೂ ಒಂದೇ ವರ್ಷ, ಒಂದೇ ಹೊಲದಲ್ಲಿ ಬೆಳೆದವಲ್ಲ. ಅದನ್ನು ದಿಕ್ಕು ತೋರಿಸಲು ಬಳಸಿ, ಆಣೆ ಮಾಡಲು ಅಲ್ಲ.

ಔಷಧಿಯ ಮಾತು ಆಡಬೇಡಿ

ತಳಿಯ ಕರ್ಕ್ಯುಮಿನ್ ಹೆಚ್ಚಿದೆ ಎಂಬುದರಿಂದ ಅದು ರೋಗ ಗುಣಪಡಿಸುತ್ತದೆ ಎಂಬ ತೀರ್ಮಾನಕ್ಕೆ ಹಾರುವ ಚೀಟಿಯನ್ನು ಪೊಟ್ಟಣದ ಮೇಲೆ ಅಂಟಿಸಕೂಡದು. ನುಂಗಿದ ಕರ್ಕ್ಯುಮಿನ್‌ನಲ್ಲಿ ರಕ್ತಕ್ಕೆ ಸೇರುವುದು ಅತ್ಯಲ್ಪ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಿಂದ 1998ರಲ್ಲಿ ಬಂದ ಅಧ್ಯಯನ, ಕಾಳುಮೆಣಸಿನ ಪೈಪರೀನ್ 20 ಮಿಲಿಗ್ರಾಂ ಜೊತೆ ಕೊಟ್ಟಾಗ ಮನುಷ್ಯರಲ್ಲಿ ಈ ಹೀರುವಿಕೆ ಶೇ 2000ದಷ್ಟು ಏರಿತೆಂದು ತೋರಿಸಿತು. ಅದು 2 ಗ್ರಾಂ ಶುದ್ಧ ಕರ್ಕ್ಯುಮಿನ್ ಇಟ್ಟುಕೊಂಡು ಮಾಡಿದ್ದು. ಸಾರಿಗೆ ಚಿಟಿಕೆ ಅರಿಶಿನ ಹಾಕುವವರ ಲೆಕ್ಕ ಬೇರೆ. ಇನ್ನೊಂದು ಕಡೆ, ಸಾಂದ್ರೀಕರಿಸಿದ ಅರಿಶಿನದ ಮಾತ್ರೆ ನುಂಗಿದ ಕೆಲವರ ಯಕೃತ್ತಿಗೆ ಹಾನಿಯಾದ ವರದಿಗಳು ಇಟಲಿಯಿಂದ 2019ರಲ್ಲಿ ಬಂದಿವೆ. ಅಡುಗೆಯ ಅರಿಶಿನಕ್ಕೆ ಇದರಿಂದ ಭಯಪಡಬೇಕಿಲ್ಲ. ಆದರೆ ‘ಹೆಚ್ಚಿದ್ದಷ್ಟೂ ಒಳ್ಳೆಯದು’ ಎಂದು ಗಿರಾಕಿಗೆ ಹೇಳುವ ಹಕ್ಕು ನಿಮಗಿಲ್ಲ. ರಕ್ತ ತೆಳುಮಾಡುವ ಮಾತ್ರೆ ತೆಗೆದುಕೊಳ್ಳುವವರು, ಪಿತ್ತಕೋಶದಲ್ಲಿ ಕಲ್ಲಿರುವವರು ಇಂಥ ಸಾಂದ್ರ ಮಾತ್ರೆಗಳನ್ನು ವೈದ್ಯರನ್ನು ಕೇಳದೆ ತೆಗೆದುಕೊಳ್ಳಬಾರದು.

ಚೀಟಿಯಲ್ಲಿ ಇರಲೇಬೇಕಾದ್ದು

ಪ್ರತಿ ಮಾದರಿಯ ಜೊತೆ ಈ ವಿವರಗಳು ಬರಬೇಕು: ಸಸ್ಯದ ಪೂರ್ಣ ವೈಜ್ಞಾನಿಕ ಹೆಸರು, ತಳಿಯ ಹೆಸರು ಅಥವಾ ಸ್ಥಳೀಯ ಎಂಬ ಗುರುತು, ಬಿತ್ತನೆ ಬಂದ ಮೂಲ, ಊರು, ನೆಟ್ಟ ದಿನ, ಅಗೆದ ದಿನ, ಉಂಡೆಯೋ ಕೊಂಬೋ, ಬೇಯಿಸಿದ ಹೊತ್ತು, ಒಣಗಿಸಿದ ರೀತಿ ಮತ್ತು ಉಷ್ಣತೆ, ತೇವಾಂಶ ಹಾಗೂ ಅದನ್ನು ಅಳೆದ ವಿಧಾನ, ದ್ರಾವಕ, ಯಂತ್ರ. ಒಂದೇ ಮಾದರಿಯನ್ನು ಮೂರು ಸಲ ಅಳೆದು ಮೂರೂ ಓದನ್ನು ಬರೆಯಿರಿ, ಸರಾಸರಿಯನ್ನಷ್ಟೇ ಕೊಟ್ಟು ಉಳಿದದ್ದನ್ನು ಮುಚ್ಚಬೇಡಿ. ಒಂದೇ ತಳಿಯ ಪಾತಿಗಳ ನಡುವೆಯೇ ಇರುವ ಏರಿಳಿತ ಎರಡು ತಳಿಗಳ ನಡುವಿನ ಅಂತರದಷ್ಟೇ ಇದ್ದರೆ, ತಳಿಗಳಲ್ಲಿ ವ್ಯತ್ಯಾಸ ಕಂಡುಬರಲಿಲ್ಲ ಎಂದೇ ಬರೆಯಬೇಕು. ಅದೂ ಫಲಿತಾಂಶವೇ, ಬೆಳೆಗಾರನ ಹಣ ಉಳಿಸುವ ಫಲಿತಾಂಶ.

ಪರೀಕ್ಷೆಯಾದ ಮಾದರಿಯ ಅರ್ಧವನ್ನು ಮುದ್ರೆ ಹಾಕಿ, ಕತ್ತಲೆ ತಂಪಿನಲ್ಲಿ, ಮುಂದಿನ ಬೆಳೆ ಬರುವವರೆಗೆ ಇಟ್ಟಿರಿ. ಯಾರಾದರೂ ಅನುಮಾನಪಟ್ಟರೆ ಮತ್ತೆ ಅಳೆಯಲು ಕೊಡಬೇಕು. ಗಡ್ಡೆ ಕೊಟ್ಟ ರೈತನಿಗೆ ವರದಿಯ ಪ್ರತಿ ಕನ್ನಡದಲ್ಲೇ ಹೋಗಬೇಕು, ಬಿತ್ತನೆ ಆರಿಸುವ ಕಾಲಕ್ಕೆ ಮುಂಚೆ, ಅಂದರೆ ಫೆಬ್ರವರಿ ಮುಗಿಯುವುದರೊಳಗೆ.